ಬೂಸಾ ದನಕ್ಕೆ, ಮೈದಾ ನಮಗೆ?

ಸಹಕಾರನಗರದ ಹಿಟ್ಟಿನ ಗಿರಣಿಗೆ ರಾಗಿ ತಂದವರು ಇಡೀ ಹಿಟ್ಟನ್ನೇ ಉಣ್ಣುತ್ತಾರೆ. ಗೋಧಿ ತಂದವರಲ್ಲಿ ಕೆಲವರು ಮನೆಯಲ್ಲಿ ಜರಡಿ ಹಿಡಿದು ತವುಡನ್ನು ಬೇರ್ಪಡಿಸುತ್ತಾರೆ. ಇದು ನಷ್ಟದ ವ್ಯವಹಾರವೆಂದು ನನ್ನ ಅಭಿಪ್ರಾಯ.

ಗೋಧಿಕಾಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತವುಡು ಒಂದೇ ಸಿಪ್ಪೆಯಲ್ಲವೆಂಬುದು ತಿಳಿಯುತ್ತದೆ. ಹೊರಗೆ ನಾರಿನಿಂದ ಕೂಡಿದ ಹಲವು ಪದರಗಳು, ಅವುಗಳ ಕೆಳಗೆ ಕಾಳಿಗೆ ಬಣ್ಣ ಕೊಡುವ ಬೀಜದ ಸಿಪ್ಪೆ, ಅದರಡಿಯಲ್ಲಿ ಗಾಜಿನಂಥ ತೆಳುಪೊರೆ. ಎಲ್ಲಕ್ಕೂ ಒಳಗೆ ದಪ್ಪ ಗೋಡೆಯ, ಚೌಕಾಕಾರದ ಜೀವಕೋಶಗಳ ಒಂದೇ ಸಾಲು. ಇದೇ ಅಲ್ಯೂರಾನ್ ಪದರ. ಕಬ್ಬಿಣ, ಸತು ಮತ್ತು ಬಿ ಗುಂಪಿನ ಜೀವಸತ್ವಗಳು ಇಲ್ಲಿ ಹೇರಳ. ಬೀಜ ಮೊಳೆಯುವಾಗ ಪಿಷ್ಟವನ್ನು ಕರಗಿಸುವ ಕಿಣ್ವಗಳೂ ಮುಖ್ಯವಾಗಿ ಇಲ್ಲಿಂದಲೇ ಬರುತ್ತವೆ. ಮೈದಾ ಮಾಡುವಾಗ ಈ ಪದರ ತವುಡಿಗೆ ಅಂಟಿಕೊಂಡೇ ಹೊರಹೋಗಿ ಬೂಸಾ ಆಗುತ್ತದೆ.

ತವುಡಿನ ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಡುತ್ತದೆಂಬ ಆಕ್ಷೇಪ ನಿಜ. ಆದರೆ ಹಿಟ್ಟನ್ನು ಹುದುಗಿಸಿದರೆ ಅದು ಕಡಿಮೆಯಾಗುತ್ತದೆ. ಇಡೀ ಗೋಧಿಯ ಹಿಟ್ಟು ಬೇಗ ಕಮಟುವುದೂ ನಿಜ. ಅದಕ್ಕೇ ಒಮ್ಮೆಗೆ ಸ್ವಲ್ಪವೇ ಬೀಸಿಸಿರಿ.

ಇದರಲ್ಲಿ ಬೆಳೆಗಾರರ ಹೊಣೆಯೂ ಇದೆ. ದಾಸ್ತಾನಿನಲ್ಲಿ ಬಳಸಿದ ಕೀಟನಾಶಕದ ಶೇಷ ಹೆಚ್ಚಾಗಿ ಉಳಿಯುವುದು ಈ ಹೊರಪದರಗಳಲ್ಲೇ. ಆದ್ದರಿಂದ ಧಾರವಾಡ, ವಿಜಯಪುರದ ಕಡೆಯ ಗೋಧಿ ಬೆಳೆಗಾರ ಬಾಂಧವರೇ, ಉಣ್ಣುವ ಕಾಳಿಗೆ ವಿಷದ ಪುಡಿ ಬೆರೆಸಬೇಡಿರಿ. ತೇವಾಂಶ ಶೇಕಡಾ 12ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ, ಗಾಳಿಯಾಡದ ಕಣಜದಲ್ಲಿಡಿರಿ. ತವುಡು ಸಹಿತ ಉಣ್ಣಿರೆಂದು ಪಟ್ಟಣದವರಿಗೆ ಹೇಳುವ ಮೊದಲು, ಆ ತವುಡು ಶುದ್ಧವಾಗಿರಬೇಕಲ್ಲವೇ?