ಉಕ್ಕಿನ ಮಾದರಿಯೂ ಬೀಗದ ಕೈಯೂ

ಬೆಂಗಳೂರಿನ ಮೂಡಣ ಅಂಚಿನ ಕುಂದಲಹಳ್ಳಿಯ ಹೆಸರನ್ನು ಕೇಳದ ವಾಚಕರು ಈಗ ವಿರಳ. 2023ನೆಯ ಮಾರ್ಚ್ 25ರಂದು ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ ಮೆಟ್ರೋ ರೈಲು ಓಡತೊಡಗಿದ ಮೇಲೆ ಆ ಹೆಸರು ಒಂದು ನಿಲ್ದಾಣಕ್ಕೂ ಸಂದಿತು. ಈ ಪ್ರಾಂತದ ಗಾಜಿನ ಸೌಧಗಳಲ್ಲಿ ನಡೆಯುವ ಉದ್ಯೋಗಗಳೆಲ್ಲವೂ ಜನಕ್ಕೆ ತಿಳಿದವೇ ಎಂದು ನಾವು ಭಾವಿಸಿದ್ದೇವೆ. ಆದರೆ ಬೆಂಗಳೂರಿನಲ್ಲಿ ಬೇರೂರಿರುವ ಒಂದು ಕಸುಬಿನ ಮಾತನ್ನು ಪತ್ರಿಕೆಗಳು ಎತ್ತುವುದೇ ಇಲ್ಲ. ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಏಳುವ ಉಕ್ಕಿನ ಕಟ್ಟಡಗಳನ್ನು ಮೊದಲು ಇಲ್ಲಿಯ ನಮ್ಮ ತರುಣರು ಗಣಕಯಂತ್ರದೊಳಗೆ ಕಟ್ಟಿ ಕೊಡುವರು. ಅನಂತರವೇ ಅಲ್ಲಿಯ ಕಾರ್ಖಾನೆಯವರು ಉಕ್ಕನ್ನು ಕೊಯ್ಯುವರು. ಸ್ಟೀಲ್ ಡಿಟೇಲಿಂಗ್ ಎಂದು ಈ ಕಸುಬಿಗೆ ಹೆಸರು.

ಹೀಗೆ ಕಟ್ಟಿದ ಮಾದರಿಯು ಬರಿಯ ಚಿತ್ರವೆಂದು ಯಾರೂ ತಿಳಿಯಬಾರದು. ಅದರಲ್ಲಿ ಪ್ರತಿಯೊಂದು ಕಂಬ, ತೊಲೆ, ತಗಡು, ಬೋಲ್ಟು, ಬೆಸುಗೆಗಳಿಗೂ ತನ್ನದೇ ಆದ ಗುರುತುಂಟು. ಉದ್ದವೆಷ್ಟು, ಉಕ್ಕು ಯಾವ ದರ್ಜೆಯದು, ರಂಧ್ರವೆಲ್ಲಿ, ಯಾವ ತುಂಡು ಯಾವುದಕ್ಕೆ ಕೂಡಬೇಕು ಎಂಬುದೆಲ್ಲವೂ ಅಲ್ಲಿ ದಾಖಲಾಗಿರುವುದು. ಕಾರ್ಖಾನೆಯ ನಕ್ಷೆಗಳು ಅದರಿಂದಲೇ ಹೊರಡುವುವು. ಕೊರೆಯುವ ಯಂತ್ರಕ್ಕೆ ಬೇಕಾದ ಆಜ್ಞೆಗಳೂ ಅದರಿಂದಲೇ ಹೊರಡುವುವು. ಆದುದರಿಂದ ಕಟ್ಟಡವು ನಿಂತಿರುವಷ್ಟು ಕಾಲವೂ ಈ ಮಾದರಿಯು ಅದರ ಜಾತಕದಂತೆ ಉಳಿಯಬೇಕಾದದ್ದು.

ತೊಡಕು ಇರುವುದು ಇಲ್ಲಿಯೇ. ಒಂದೊಂದು ತಂತ್ರಾಂಶವೂ ತನ್ನ ಮಾದರಿಯನ್ನು ತನ್ನದೇ ಆದ ಗುಪ್ತ ಲಿಪಿಯಲ್ಲಿ ಬರೆದಿಡುವುದು. ಕಟ್ಟಡದ ಮಾಲೀಕನ ಕೈಗೆ ಕಡತ ಬಂದರೂ ಅದನ್ನು ತೆರೆಯುವ ಬೀಗದ ಕೈಯು ತಂತ್ರಾಂಶದ ಒಡೆಯನಲ್ಲಿಯೇ ಉಳಿಯುವುದು. ನೋಡುವುದಕ್ಕೆ ಮಾತ್ರ ಉಪಯೋಗವಾಗುವ ತಂತ್ರಾಂಶಗಳನ್ನು ಕೆಲವರು ಧರ್ಮಾರ್ಥವಾಗಿ ಕೊಡುವರು, ನಿಜ. ಆದರೆ ನೋಡುವುದು ಬೇರೆ, ತಿದ್ದುವುದು ಬೇರೆ. ಒಡೆಯರಾದರೂ ಶಾಶ್ವತರೇ? 1966ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಟೆಕ್ಲಾ ಸಂಸ್ಥೆಯು 2011ರಲ್ಲಿ ಅಮೆರಿಕದ ಟ್ರಿಂಬಲ್ ಸಂಸ್ಥೆಯ ವಶವಾಯಿತು. ಮರುವರ್ಷವೇ ಬ್ರಿಟನ್ನಿನ ಸ್ಟ್ರುಕ್ಯಾಡ್ ತಂತ್ರಾಂಶವೂ ಅದೇ ಕೈಯನ್ನು ಸೇರಿತು. ವ್ಯಾಪಾರದಲ್ಲಿ ಇದು ಸಹಜ. ಆದರೆ ನೂರು ವರ್ಷ ನಿಲ್ಲಲೆಂದು ಕಟ್ಟಿದ ಸೇತುವೆಯ ಜಾತಕವು ಹತ್ತು ವರ್ಷಕ್ಕೊಮ್ಮೆ ಒಡೆಯರನ್ನು ಬದಲಿಸುವ ಅಂಗಡಿಯಲ್ಲಿ ಅಡವಿರುವುದು ಸಹಜವಲ್ಲ.

ಈ ವ್ಯಾಧಿಗೆ ಔಷಧವಿಲ್ಲದೆ ಇಲ್ಲ. ಉಕ್ಕಿನ ಕಟ್ಟಡಗಳಿಗಾಗಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಸಿಐಎಸ್/2 ಎಂಬ ಸಮಾನ ಲಿಪಿಯನ್ನು ರೂಪಿಸಿದರು. ಅಮೆರಿಕದ ಉಕ್ಕಿನ ಕಟ್ಟಡ ಸಂಸ್ಥೆಯವರು ಅದನ್ನು ಅಂಗೀಕರಿಸಿದರು. ಅಲ್ಲಿಯ ಸರಕಾರದ ಮಾನಕ ಸಂಸ್ಥೆಯಾದ ನಿಸ್ಟ್, ಆ ಲಿಪಿಯ ಕಡತಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಮತ್ತು ಐಎಫ್‌ಸಿ ಎಂಬ ಇನ್ನೊಂದು ಮುಕ್ತ ಲಿಪಿಗೆ ಪರಿವರ್ತಿಸುವ ತಂತ್ರಾಂಶವನ್ನು ತಾನೇ ಸಿದ್ಧಪಡಿಸಿ ಬಿಟ್ಟಿಯಾಗಿ ಹಂಚಿತು. ಐಎಫ್‌ಸಿಯು 2013ರಲ್ಲಿ ಪೂರ್ಣ ಅಂತಾರಾಷ್ಟ್ರೀಯ ಮಾನಕವಾಯಿತು. 2024ರ ಆವೃತ್ತಿಯಲ್ಲಿ ಸೇತುವೆ, ರಸ್ತೆ, ರೈಲುಮಾರ್ಗಗಳೂ ಅದರೊಳಗೆ ಸೇರಿವೆ. ಅದರ ಕಡತವು ಸಾಮಾನ್ಯವಾಗಿ ಬರಿಯ ಅಕ್ಷರಗಳಲ್ಲಿರುವುದರಿಂದ ಯಾರು ಬೇಕಾದರೂ ಓದಬಹುದು. ಫ್ರೀಕ್ಯಾಡ್‌ನಂತಹ ಉಚಿತ ತಂತ್ರಾಂಶಗಳೂ ಅದನ್ನು ತೆರೆಯಬಲ್ಲವು.

ಅಮೆರಿಕದ ಸರಕಾರಕ್ಕೆ ಈ ಶ್ರಮವೇಕೆ ಎಂದು ವಾಚಕರು ಕೇಳಬಹುದು. ಒಬ್ಬರ ಕಡತವು ಇನ್ನೊಬ್ಬರಿಗೆ ಅರ್ಥವಾಗದಿರುವುದರಿಂದ ಆ ದೇಶದ ದೊಡ್ಡ ಕಟ್ಟಡಗಳ ಉದ್ಯಮಕ್ಕೆ 2002ನೆಯ ಒಂದೇ ವರ್ಷದಲ್ಲಿ 1,580 ಕೋಟಿ ಡಾಲರುಗಳ ನಷ್ಟವಾಯಿತೆಂದು ನಿಸ್ಟ್ 2004ರಲ್ಲಿ ಪ್ರಕಟಿಸಿದ ವರದಿಯು ಅಂದಾಜು ಮಾಡಿತು. ಅದರಲ್ಲಿ 1,060 ಕೋಟಿಯಷ್ಟು ಭಾರವು ಬಿದ್ದದ್ದು ಕಟ್ಟಡಗಳ ಮಾಲೀಕರು ಮತ್ತು ನಿರ್ವಾಹಕರ ಮೇಲೆ. ಸಾರ್ವಜನಿಕ ಕಟ್ಟಡಕ್ಕೆ ಮಾಲೀಕರು ಯಾರು? ತೆರಿಗೆ ಕೊಡುವ ಪ್ರಜೆಗಳಲ್ಲವೆ?

ಕನ್ನಡಿಗರಿಗೆ ಈ ನೋವು ಹೊಸದಲ್ಲ. ಒಂದು ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರವು ಇನ್ನೊಂದು ಕಚೇರಿಯ ಯಂತ್ರದಲ್ಲಿ ಅರ್ಥಹೀನವಾದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದ ಕಾಲವನ್ನು ಮರೆತವರುಂಟೆ? ಯೂನಿಕೋಡ್ ಎಂಬ ಸಮಾನ ಸಂಕೇತವು ಬಳಕೆಗೆ ಬಂದ ಮೇಲೆಯೇ ನಮ್ಮ ಅಕ್ಷರಗಳಿಗೆ ಬಿಡುಗಡೆಯಾಯಿತು. ಅಕ್ಷರಕ್ಕೆ ಒದಗಿದ ಆ ಬಿಡುಗಡೆಯು ಉಕ್ಕಿಗೂ ಒದಗಬೇಕೆಂಬುದೇ ನಮ್ಮ ವಾದ.

ಪರಿವರ್ತನೆಯಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಮುಕ್ತ ಲಿಪಿಗೆ ಇಳಿಸಿದಾಗ ತೊಲೆಯು ಆಕಾರವನ್ನು ಉಳಿಸಿಕೊಂಡರೂ ತಿದ್ದಲು ಬಾರದ ಜಡಪಿಂಡವಾಗುವುದುಂಟು. ಜೋಡಣೆಯ ಸೂತ್ರಗಳು ಕಳಚಿಹೋಗುವುದುಂಟು. ನಮ್ಮ ಭಾರತೀಯ ಮಾನಕದ ಐಎಸ್‌ಎಂಬಿ 300 ಎಂಬ ತೊಲೆಯ ಹೆಸರು ಸ್ವೀಕರಿಸುವವನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಹೆಸರಿಲ್ಲದ ಅನಾಥ ತುಂಡಾಗಿ ನಿಲ್ಲುವುದುಂಟು. ತಂತ್ರಾಂಶವನ್ನು ಬೆಳೆಸಿದವರಿಗೆ ನ್ಯಾಯವಾದ ಲಾಭ ಬೇಡವೆಂದೂ ನಾವು ಹೇಳುವುದಿಲ್ಲ. ಅವರ ಉಪಕರಣಕ್ಕೆ ಬೆಲೆ ಕೊಡೋಣ. ಆದರೆ ಅದರಿಂದ ನಾವು ಮಾಡಿದ ವಸ್ತುವಿಗೆ ಪುನಃ ಪುನಃ ಸುಂಕ ತೆರುವುದು ಯಾವ ನ್ಯಾಯ? ಉಳಿಯನ್ನು ಮಾರಿದವನು ಶಿಲ್ಪಿಯ ವಿಗ್ರಹಕ್ಕೆ ಹಕ್ಕುದಾರನಾಗಲಾರನು.

ಆದಕಾರಣ ಸರಕಾರದವರು ಮಾಡತಕ್ಕದ್ದು ಇಷ್ಟು. ಸಾರ್ವಜನಿಕ ಹಣದಿಂದ ಏಳುವ ಪ್ರತಿಯೊಂದು ಉಕ್ಕಿನ ಕಟ್ಟಡ, ಸೇತುವೆ, ನಿಲ್ದಾಣದ ಗುತ್ತಿಗೆಯಲ್ಲಿಯೂ ಮೂಲ ಕಡತದೊಡನೆ ಐಎಫ್‌ಸಿ ಪ್ರತಿಯನ್ನೂ ನಕ್ಷೆಗಳನ್ನೂ ಒಪ್ಪಿಸತಕ್ಕದ್ದೆಂಬ ಷರತ್ತನ್ನು ಬರೆಯಿಸಲಿ. ಆ ಪ್ರತಿಯನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು, ತುಂಡುಗಳ ಎಣಿಕೆಯೂ ತೂಕವೂ ಮೂಲದೊಡನೆ ತಾಳೆಯಾದ ಮೇಲೆಯೇ ಕಡೆಯ ಕಂತಿನ ಹಣವನ್ನು ಕೊಡಲಿ. ಫಿನ್ಲೆಂಡಿನ ಸರಕಾರಿ ಆಸ್ತಿ ಸಂಸ್ಥೆಯು 2007ರಲ್ಲಿಯೇ ತನ್ನ ಯೋಜನೆಗಳಿಗೆ ಐಎಫ್‌ಸಿ ಮಾದರಿಗಳನ್ನು ವಿಧಿಸಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆಂದರೆ ಯಾರು ನಂಬುವರು? ನಮ್ಮ ಎಂಜಿನಿಯರಿಂಗ್ ವಿದ್ಯಾಲಯಗಳೂ ಒಂದು ಕಂಪೆನಿಯ ಗುಂಡಿಗಳನ್ನು ಒತ್ತುವುದನ್ನಷ್ಟೇ ಕಲಿಸದೆ, ಮುಕ್ತ ಲಿಪಿಯ ಪರಿವರ್ತಕಗಳನ್ನು ರಚಿಸುವ ವಿದ್ಯೆಯನ್ನೂ ಕಲಿಸಲಿ.

ಪರರ ಸೌಧಗಳನ್ನು ಕೂದಲೆಳೆಯಷ್ಟು ತಪ್ಪಿಲ್ಲದೆ ಗಣಕದಲ್ಲಿ ಕಟ್ಟಿಕೊಡುವ ಕೌಶಲವು ನಮ್ಮ ಮಕ್ಕಳಲ್ಲಿದೆ. ಅಂಥವರ ನಾಡಿನಲ್ಲಿಯೇ, ಮುಂದೊಂದು ದಿನ ಸೇತುವೆಯ ತೊಲೆಯೊಂದು ತುಕ್ಕು ಹಿಡಿದಾಗ ಅದರ ಕಡತವನ್ನು ತೆರೆಯುವವರಿಲ್ಲದಂತಾದರೆ ಅದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕುವುದಕ್ಕಿಂತ, ಇಂದಿನ ಗುತ್ತಿಗೆಯ ಪತ್ರದಲ್ಲಿ ಒಂದು ವಾಕ್ಯವನ್ನು ಸೇರಿಸುವುದು ಎಷ್ಟೋ ಸುಲಭವೆಂಬುದನ್ನು ಅಧಿಕಾರಿಗಳು ಮನಗಾಣಲಿ.