ಬಿದ್ದ ಹೂವೇ ಸಾಕು, ಮರ ಅಲ್ಲಾಡಿಸಬೇಡಿ

1/6
ಮೊದಲ ಫೋಟೋ ನೋಡಿ ಎಷ್ಟೊಂದು ಜನ ಕೇಳಿದ್ರಿ, "ಇಷ್ಟು ಹೂವು ಎಲ್ಲಿ ಕೊಂಡೆ?" ಅಂತ. ಕೊಂಡಿಲ್ಲ ಕಣ್ರೋ. ಯಳಂದೂರಿನ ಹತ್ತಿರ ಒಂದು ಹೊಲದ ಬದುವಿನಲ್ಲಿ ಮುತ್ತುಗದ ಮರ ಇತ್ತು. ಅದರ ಕೆಳಗೆ ಬಿದ್ದಿದ್ದ ಹೂವುಗಳು ಇವು. ಹೊಲದವರನ್ನು ಕೇಳಿದೆ. "ಬಿದ್ದಿರೋ ಹೂವಿಗೂ ಪರ್ಮಿಷನ್ನಾ?" ಅಂತ ನಕ್ಕರು. ಹೂವು, ಒಣಗಿದ ಎಲೆ, ಒಂದಿಷ್ಟು ತೊಗರಿ ಕಡ್ಡಿ, ಇಷ್ಟೇ ಸಾಮಾನು. ನಲವತ್ತು ನಿಮಿಷ ಕೂತು ಜೋಡಿಸಿದ ಚಕ್ರವನ್ನು ಗಾಳಿ ಬಂದು ಅರ್ಧ ನಿಮಿಷದಲ್ಲಿ ಕೆಡಿಸ್ತು. ಎರಡನೇ ಫೋಟೋ ಅದೇ. ನಿಜ ಹೇಳ್ಬೇಕು ಅಂದ್ರೆ ನನಗೆ ಎರಡನೇದೇ ಹೆಚ್ಚು ಇಷ್ಟ.

2/6
ಮುತ್ತುಗದ ಹೂವನ್ನ ಕೈಯಲ್ಲಿ ಹಿಡಿದು ನೋಡಿದ್ದೀರಾ? ಬಸ್ಸಿನ ಕಿಟಕಿಯಿಂದ ನೋಡಿದ್ರೆ ಗುಡ್ಡಕ್ಕೆ ಬೆಂಕಿ ಹತ್ತಿದ ಹಾಗೆ ಕಾಣುತ್ತೆ, ಅಷ್ಟೇ. ಹತ್ತಿರ ಹೋದ್ರೆ ಬೇರೆಯೇ ಲೋಕ. ಬುಡದಲ್ಲಿ ಕಪ್ಪಗಿನ ಮಖಮಲ್ಲಿನಂಥ ಬಟ್ಟಲು, ಅದರಿಂದ ಹೊರಗೆ ಚಾಚಿದ ಗಿಣಿಯ ಕೊಕ್ಕು. ಸಂಸ್ಕೃತದಲ್ಲಿ ಇದಕ್ಕೆ 'ಕಿಂಶುಕ' ಅಂತ ಹೆಸರು. ಹಾಗಂದ್ರೆ "ಇದೇನು ಗಿಣಿಯೇ?" ಅನ್ನೋ ಪ್ರಶ್ನೆ. ಪ್ರಶ್ನೆಯನ್ನೇ ಹೆಸರಾಗಿ ಇಟ್ಟುಕೊಂಡ ಹೂವು! ವಾಸನೆ ಇಲ್ಲ ಅಂತ ಕವಿಗಳು ಇದನ್ನ ಬೈದದ್ದೂ ಉಂಟು. ಆದ್ರೆ ಹಕ್ಕಿಗಳಿಗೆ ವಾಸನೆ ಯಾಕೆ ಬೇಕು? ಮೈನಾ, ಸೂರಕ್ಕಿ, ಅಳಿಲು ಎಲ್ಲಾ ಮಕರಂದಕ್ಕೆ ಮುಗಿಬಿದ್ದಿದ್ವು. ಎಲೆ ಉದುರಿದ ಮರ, ಬರೀ ಹೂವು, ಬರೀ ಗಲಾಟೆ. ಹಿಂದೆ ಈ ಹೂವನ್ನ ನೀರಲ್ಲಿ ಕುದಿಸಿ ಹೋಳಿಯ ಓಕುಳಿ ಮಾಡ್ತಿದ್ದರು. ನಾನೂ ಮನೇಲಿ ಮಾಡಿ ನೋಡಿದೆ. ಕಿತ್ತಳೆ ಮಿಶ್ರಿತ ಹಳದಿ ಬಂತು. ಅಮ್ಮನ ಬಿಳಿ ಟವೆಲ್ಲಿಗೂ ಬಂತು.

3/6
ಈಗ ಜಗಳಕ್ಕೆ ಬರ್ತೀನಿ. ಫೆಬ್ರವರಿ ಬಂತು ಅಂದ್ರೆ ಬೆಂಗಳೂರಿನಲ್ಲಿ ಟಬೂಬಿಯಾ ಹುಚ್ಚು. ಗುಲಾಬಿ, ಹಳದಿ, ಎಲ್ಲರ ಫೀಡಲ್ಲೂ ಅದೇ. ಆ ಹುಚ್ಚು ನನಗೂ ಇದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು 'ಹೂಮಳೆ' ರೀಲ್ ಬಗ್ಗೆ. ಒಬ್ಬರು ಕೆಳಗೆ ಕೈ ಚಾಚಿ ನಿಲ್ಲೋದು, ಇನ್ನೊಬ್ಬರು ರೆಂಬೆ ಹಿಡಿದು ಜಗ್ಗೋದು, ಮೂರನೆಯವರು ಸ್ಲೋ ಮೋಷನ್ನಲ್ಲಿ ಹಿಡಿಯೋದು. ಫಸ್ಟ್ ಇಯರ್‌ನಲ್ಲಿ ರೆಂಬೆ ಜಗ್ಗಿದವಳು ನಾನೇ. ನಮ್ಮ ಕ್ಲಾಸಿನವರಿಗೆ ಗೊತ್ತು. ರೆಂಬೆ ಲಟಕ್ ಅಂತ ಮುರೀತು. ಅದರಲ್ಲಿ ಅರಳಿದ್ದ ಹೂವಿಗಿಂತ ಮೊಗ್ಗೇ ಜಾಸ್ತಿ ಇತ್ತು. ರೀಲ್‌ಗೆ ಲೈಕ್ ಚೆನ್ನಾಗಿ ಬಂತು. ಮುರಿದ ಸದ್ದು ಕೇಳಬಾರದು ಅಂತ ಹಾಡು ಹಾಕಿದ್ದೆ.

"ಹೇಗಿದ್ರೂ ನಾಳೆ ಉದುರುತ್ತಲ್ಲ" ಅಂತೀರಾ? ನಾನೂ ಅದನ್ನೇ ಅಂದಿದ್ದೆ. ಆದ್ರೆ ನಾಳೆ ಉದುರೋ ಹೂವಿಗೆ ಇವತ್ತು ಜೇನ್ನೊಣ ಬರಬೇಕು. ಮೊಗ್ಗು ನಾಳೆ ಉದುರೋದಿಲ್ಲ, ನಾಳೆ ಅರಳುತ್ತೆ. ಇನ್ನು "ಅದು ನಮ್ಮ ದೇಶದ ಮರವೇ ಅಲ್ಲ" ಅಂತ ಒಬ್ಬರು ಡಿಎಂ ಮಾಡಿದ್ರು. ಹೌದು, ಟಬೂಬಿಯಾ ಅಮೆರಿಕ ಖಂಡದ ಮರ. ಗುಲ್‌ಮೊಹರ್ ಮಡಗಾಸ್ಕರ್‌ದು, ಜಕರಂಡಾ ದಕ್ಷಿಣ ಅಮೆರಿಕದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವು ಇರಲಿ ಅಂತ ಲೆಕ್ಕ ಹಾಕಿ ಮರ ನೆಡಿಸಿದರು. ಹೊರಗಿಂದ ಬಂದದ್ದು ಅಂತ ರೆಂಬೆ ಮುರಿಯೋದಾದ್ರೆ ನಮ್ಮ ಅಡುಗೆಮನೆಯಲ್ಲಿ ಮೆಣಸಿನಕಾಯೂ ಉಳಿಯಲ್ಲ.

4/6
ಬಿದ್ದದ್ದರಿಂದ ಕಲೆ ಮಾಡೋದು ನನ್ನ ಐಡಿಯಾ ಏನಲ್ಲ. ಆ್ಯಂಡಿ ಗೋಲ್ಡ್ಸ್‌ವರ್ದಿ ಅಂತ ಒಬ್ಬ ಬ್ರಿಟಿಷ್ ಕಲಾವಿದ ಇದ್ದಾರೆ. ಎಲೆಗಳನ್ನು ಮುಳ್ಳಿನಿಂದಲೇ ಜೋಡಿಸ್ತಾರೆ, ಮಂಜುಗಡ್ಡೆಯನ್ನೂ ಅಂಟಿಸ್ತಾರೆ. ಫೋಟೋ ತೆಗೆದು ಅಲ್ಲೇ ಬಿಟ್ಟು ಬರ್ತಾರೆ. ನಮ್ಮ ಕಡೆ ನೇಕ್ ಚಂದ್. ಚಂಡೀಗಢದ ರಸ್ತೆ ಇನ್‌ಸ್ಪೆಕ್ಟರ್. 1957ರಿಂದ ಸುಖನಾ ಕೆರೆಯ ಹತ್ತಿರದ ಕಾಡಲ್ಲಿ, ಯಾರಿಗೂ ಹೇಳದೆ, ಒಡೆದ ಬಳೆ, ಟೈಲ್ಸ್, ಪಿಂಗಾಣಿ ಚೂರು ಸೇರಿಸಿ ಒಂದು ಊರನ್ನೇ ಕಟ್ಟಿದರು. ಸರ್ಕಾರಿ ಜಾಗ, ಅಕ್ರಮ. ಪತ್ತೆಯಾಗೋಕೆ ಹದಿನೆಂಟು ವರ್ಷ ಹಿಡೀತು. ಕೆಡವಬೇಕು ಅಂತ ಹೊರಟಾಗ ಜನ ಬಿಡಲಿಲ್ಲ. 1976ರಲ್ಲಿ ಅದೇ ರಾಕ್ ಗಾರ್ಡನ್ ಆಗಿ ಬಾಗಿಲು ತೆರೀತು. ಗಮನಿಸಿ, ಅವರು ತಂದದ್ದು ಯಾರಿಗೂ ಬೇಡವಾದದ್ದನ್ನ. ಸಿಕ್ಕಿದ್ದಕ್ಕೂ ಕಿತ್ತದ್ದಕ್ಕೂ ಇರೋ ವ್ಯತ್ಯಾಸ ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಆದ್ರೆ ನೆಲದ ಮೇಲೆ ಇದ್ದದ್ದೆಲ್ಲಾ 'ಸಿಕ್ಕಿದ್ದು' ಅಲ್ಲ. ನದಿಯಲ್ಲಿ ಕಲ್ಲಿನ ಮೇಲೆ ಕಲ್ಲು ಇಟ್ಟು ಗೋಪುರ ಮಾಡ್ತೀವಲ್ಲ, ಆ ಕಲ್ಲಿನ ಕೆಳಗೆ ಹುಳ, ಮೀನು, ಕಪ್ಪೆಯ ಸಂಸಾರ ಇರುತ್ತೆ. ಎತ್ತಿದ್ರೆ ಅದರ ಮನೆ ಹೋಯ್ತು. ಬಿಳಿಗಿರಿ ರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಾನು ಕಂಡ ಮುತ್ತುಗ ಈ ಫೋಟೋದಲ್ಲಿರೋದಕ್ಕಿಂತ ಎರಡರಷ್ಟು ಚಂದ ಇತ್ತು. ಬಸ್ಸಿಂದ ಇಳಿಯೋ ಹಾಗಿಲ್ಲ, ಅಲ್ಲಿಂದ ಏನನ್ನೂ ತರೋ ಹಾಗಿಲ್ಲ. ಹೊಟ್ಟೆ ಉರೀತು. ಕಿಟಕಿಗೆ ಮೂಗು ಒತ್ತಿಕೊಂಡು ಕೂತೆ.

5/6
ಇದನ್ನ ಬರೀಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಊರಿಂದ ವಾಪಸ್ ಬಂದ ಮೇಲೆ ನಮ್ಮ ಬೀದಿಯ ಫುಟ್‌ಪಾತಲ್ಲಿ ಬಿದ್ದ ಟಬೂಬಿಯಾದಿಂದ ದೊಡ್ಡ ಮಂಡಲ ಮಾಡಿದೆ, ಬೆಳಗ್ಗೆ ಆರಕ್ಕೆ. ಎಷ್ಟು ಖುಷಿ ನನಗೆ! ಪೌರಕಾರ್ಮಿಕರೊಬ್ಬರು ಪೊರಕೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದರು. ನೋಡಿ ಮೆಚ್ಕೊಂಡಿದ್ದಾರೆ ಅಂದುಕೊಂಡೆ. "ಚೆನ್ನಾಗೈತೆ ಕಣಮ್ಮ" ಅಂದ್ರು. ಆಮೇಲೆ ಮೆಲ್ಲಗೆ, "ಆ ಗುಡ್ಡೆ ನಾನು ಗುಡಿಸಿ ಇಟ್ಟಿದ್ದು. ಮೇಸ್ತ್ರಿ ಬರೋ ಹೊತ್ತಾಯ್ತು."

ಅಂದ್ರೆ ನನಗೆ 'ಸಿಕ್ಕ' ಹೂವು ಅವರ ಒಂದು ಗಂಟೆಯ ಕೆಲಸ. ಅದನ್ನ ನಾನು ಮತ್ತೆ ಬೀದಿ ತುಂಬಾ ಹರಡಿದ್ದೆ. ಟಬೂಬಿಯಾ ನಮಗೆ ಹಬ್ಬ, ಅವರಿಗೆ ದುಪ್ಪಟ್ಟು ಕಸ. ಒದ್ದೆ ಹೂವು ಪೊರಕೆಗೆ ಬರೋದಿಲ್ಲ, ನೆಲಕ್ಕೆ ಅಂಟಿಕೊಳ್ಳುತ್ತೆ. ಇದು ನನಗೆ ಗೊತ್ತಾದದ್ದು ಅವತ್ತು ನಾನೇ ಗುಡಿಸಿದಾಗ. ಸೊಂಟ ಹಿಡ್ಕೊಂತು. ಆ ಮಂಡಲದ ಫೋಟೋ ನನ್ನ ಹತ್ರ ಇದೆ, ಹಾಕಿಲ್ಲ, ಹಾಕೋದೂ ಇಲ್ಲ.

6/6
ಇನ್ನು ಹೊಂಗೆ ಶುರು. ಯುಗಾದಿ ಆಸುಪಾಸು ನಮ್ಮ ಕಾಲೇಜಿನ ಹಿಂದಿನ ದಾರಿಯಲ್ಲಿ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತೆ ನೋಡಿ, ತಿಳಿನೇರಳೆ ಅಂಚಿನ ಪುಟ್ಟ ಪುಟ್ಟ ಹೂವು. ಅದರ ಮೇಲೆ ಬೈಕ್ ನಿಲ್ಲಿಸ್ತೀವಿ, ಯಾರೂ ರೀಲ್ ಮಾಡಲ್ಲ. ಭಾನುವಾರ ಆರೂವರೆಗೆ ಅಲ್ಲಿರ್ತೀನಿ. ಬರೋರು ಬನ್ನಿ. ಅಂಟು, ಬಣ್ಣ, ಮಿಂಚಿನ ಪುಡಿ ಏನೂ ತರಬೇಡಿ. ಎಂಟಕ್ಕೆ ಎಲ್ಲಾ ಗುಡಿಸಿ ಮರದ ಬುಡಕ್ಕೇ ಹಾಕೋದು. ಪೊರಕೆ ನನ್ನ ಹತ್ರ ಒಂದೇ ಇದೆ, ಇನ್ನೆರಡು ಬೇಕು. ಯಾರು ತರ್ತೀರಿ? ಕೆಳಗೆ ಹೇಳಿ.

#ಬಿದ್ದಹೂವು #ಮುತ್ತುಗ #ಹೊಂಗೆ