ಹಿಡಿಯುವವರು ಒಬ್ಬರು, ಖರ್ಚು ಇನ್ನೊಬ್ಬರದು

ಅಮೆರಿಕದಲ್ಲಿ ಆರೋಪಿಯನ್ನು ಹಿಡಿಯುವವರು ಹೆಚ್ಚಾಗಿ ನಗರದ ಪೊಲೀಸರು. ವಿಚಾರಣೆ ಮುಗಿಯುವ ತನಕ ಸಾಕುವುದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಜೈಲು. ಶಿಕ್ಷೆ ದೊಡ್ಡದಾದರೆ ಹೊರೆ ರಾಜ್ಯದ ಸೆರೆಮನೆಗೆ. ಎಷ್ಟು ಜನರನ್ನು ಅಲ್ಲಿಗೆ ಸಾಗಹಾಕಿದರೂ ಕೌಂಟಿ ಬೊಕ್ಕಸಕ್ಕೆ ಬಿಸಿ ತಟ್ಟುತ್ತಿರಲಿಲ್ಲ.

ಇದರ ಫಲವನ್ನು ಕ್ಯಾಲಿಫೋರ್ನಿಯ ಉಂಡಿತು. ಸುಮಾರು 80,000 ಕೈದಿಗಳಿಗೆಂದು ಕಟ್ಟಿದ ಸೆರೆಮನೆಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಜನ ತುಂಬಿದ್ದರು! ಸಂಖ್ಯೆಯನ್ನು ಸಾಮರ್ಥ್ಯದ ಶೇ 137.5ಕ್ಕೆ ಇಳಿಸಬೇಕೆಂಬ ಆದೇಶವನ್ನು 2011ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಅಕ್ಟೋಬರ್‌ನಿಂದ ಹಿಂಸೆಯಿಲ್ಲದ, ಗಂಭೀರವಲ್ಲದ, ಲೈಂಗಿಕವೂ ಅಲ್ಲದ ಅಪರಾಧಗಳಲ್ಲಿ ಶಿಕ್ಷೆಗೊಳಗಾದವರ ಹೊಣೆಯನ್ನು ರಾಜ್ಯವು 58 ಕೌಂಟಿಗಳಿಗೆ ವಹಿಸಿತು, ಜೊತೆಗೆ ಹಣವನ್ನೂ ಕೊಟ್ಟಿತು. 2012ರಲ್ಲಿ ಮತದಾರರು ಆ ಹಣಕ್ಕೆ ರಾಜ್ಯ ಸಂವಿಧಾನದ ಖಾತರಿಯನ್ನೇ ಕೊಟ್ಟರು.

ಈ ಹೊಣೆ ನಿಭಾಯಿಸಲು ಪ್ರತಿ ಕೌಂಟಿಯಲ್ಲೂ ಯೋಜನೆ ರೂಪಿಸುವ ಸಮಿತಿಯಲ್ಲಿ ಶೆರಿಫ್, ಪೊಲೀಸ್ ಮುಖ್ಯಸ್ಥ, ಸರ್ಕಾರಿ ವಕೀಲರು, ಬಡವರ ಪರ ವಕೀಲರು, ನ್ಯಾಯಾಲಯದ ಪ್ರತಿನಿಧಿ ಒಟ್ಟಿಗೆ ಕೂರಬೇಕು. ಅಧ್ಯಕ್ಷತೆ ಪ್ರೊಬೇಷನ್ (ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವ) ಇಲಾಖೆಯ ಮುಖ್ಯಸ್ಥರದು. ಕೋರ್ಟಿನಲ್ಲಿ ಎದುರುಬದುರು ನಿಲ್ಲುವವರನ್ನು ಒಂದೇ ಮೇಜಿಗೆ ಎಳೆದದ್ದು ಸಣ್ಣ ಮಾತಲ್ಲ.

ಎಡವಿದ್ದು ಹಣ ಹಂಚಿಕೆಯಲ್ಲಿ. ಮೊದಲ ವರ್ಷದ ಸೂತ್ರ ಹಿಂದೆ ಸೆರೆಮನೆಗೆ ಹೆಚ್ಚು ಜನರನ್ನು ಕಳುಹಿಸಿದ್ದ ಕೌಂಟಿಗಳಿಗೇ ಹೆಚ್ಚು ಕೊಟ್ಟಿತು. ಸ್ಥಳೀಯವಾಗಿಯೇ ಸಂಭಾಳಿಸಿದ್ದವರಿಗೆ ಕಡಿಮೆ! ಹೊರೆ ಹೆಚ್ಚಿದ್ದಲ್ಲಿ ಹಣವೂ ಹೆಚ್ಚು ಬೇಕೆಂಬ ವಾದ ಒಂದು ವರ್ಷಕ್ಕೆ ಸರಿ, ಶಾಶ್ವತ ಸೂತ್ರಕ್ಕಲ್ಲ. ಜೈಲಿಗೆ ಪರ್ಯಾಯವಾದ ಚಿಕಿತ್ಸೆ, ನಿಗಾ, ವಸತಿಗೆ ಖರ್ಚು ಮಾಡುವ ಕೌಂಟಿಗೆ ಮೊದಲ ಪಾಲು ಸಲ್ಲಬೇಕು. ಬಂಧನದ ನಿರ್ಧಾರ ಮಾಡುವ ನಗರಗಳೂ ಖರ್ಚಿಗೆ ಹೆಗಲು ಕೊಡಬೇಕು.